ಹೊಗೆಯ ಜೊತೆಗೆ ನೀರು: ಜೆಟ್ ದೋಣಿಯ ಇಂಜಿನ್ನಿನಿಂದ ಒಂದು ಪಾಠ



ಪಂಪುಸೆಟ್ಟಿನ ಪಾಲನೆಯ ಪಾಠ ಮುಗಿದ ಮೇಲೆ ತರುಣ ರೈತರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ನ್ಯೂಜಿಲೆಂಡ್ ದೇಶದ ನದಿಯೊಂದರಲ್ಲಿ ಓಡುವ ಜೆಟ್ ದೋಣಿಯ ಚಿತ್ರವನ್ನು ಅವರು ಮೊಬೈಲಿನಲ್ಲಿ ನೋಡಿದ್ದರು. "ದೋಣಿಯ ಹಿಂಭಾಗದಲ್ಲಿ ಹೊಗೆ ಬರುವ ಕೊಳವೆಯಿಂದಲೇ ನೀರೂ ದಬದಬನೆ ಬೀಳುತ್ತಿತ್ತು. ನಮ್ಮ ಇಂಜಿನ್ನಿನ ಸೈಲೆನ್ಸರಿನಿಂದ ಹಾಗೆ ನೀರು ಬಂದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎದೆ ಒಡೆಯುತ್ತದೆ. ಅಲ್ಲಿ ಯಾರೂ ಗಾಬರಿಯಾದಂತೆ ಕಾಣಲಿಲ್ಲವಲ್ಲ?" ಎಂದು ಅವರ ಪ್ರಶ್ನೆ.

ನಮಗೂ ಜೆಟ್ ದೋಣಿಗೂ ಏನು ಸಂಬಂಧವೆಂದು ಕೆಲವರು ನಕ್ಕರು. ಆದರೆ ಪ್ರಶ್ನೆ ನಗತಕ್ಕದ್ದಲ್ಲ. ಹೊಗೆಕೊಳವೆಯಲ್ಲಿ ನೀರು ಎಲ್ಲಿಯವರೆಗೆ ಇರಬಹುದು, ಎಲ್ಲಿಂದಾಚೆಗೆ ಇರಕೂಡದು ಎಂಬುದು ತಿಳಿದರೆ ಹೊಳೆಯ ದಂಡೆಯಲ್ಲಿ ಮಳೆಗೆ ನೆನೆಯುತ್ತ ನಿಂತಿರುವ ನಿಮ್ಮ ಇಂಜಿನ್ನೂ ಉಳಿಯುತ್ತದೆ. ಆದಕಾರಣ ಈ ಸಲದ ಪಾಠವನ್ನು ಆ ದೋಣಿಯಿಂದಲೇ ಪ್ರಾರಂಭಿಸೋಣ.

ದೋಣಿಯ ಹೊಟ್ಟೆಯಲ್ಲಿ ಪಂಪು

ಸಾಧಾರಣ ಮೋಟಾರು ದೋಣಿಗೆ ತಳದ ಕೆಳಗೆ ತಿರುಗುವ ರೆಕ್ಕೆ ಇರುತ್ತದೆ. ನೀರು ತೆಳುವಾಗಿರುವ ಕಡೆ ಆ ರೆಕ್ಕೆ ಕಲ್ಲಿಗೆ ಬಡಿದು ಮುರಿಯುತ್ತದೆ. ಈ ತೊಂದರೆಗೆ ಒಳ್ಳೆಯ ಉಪಾಯ ಕಂಡವರು ಒಬ್ಬ ರೈತರೇ ಎಂಬುದು ಸಂತೋಷದ ವಿಷಯ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಐರಿಷ್‌ಮನ್ ಕ್ರೀಕ್ ಎಂಬಲ್ಲಿ ಕುರಿ ಸಾಕಣೆ ಮಾಡಿಕೊಂಡಿದ್ದ ಬಿಲ್ ಹ್ಯಾಮಿಲ್ಟನ್ (೧೮೯೯–೧೯೭೮) ಎಂಬವರು ಅವರು. ಆ ಸೀಮೆಯ ಹೊಳೆಗಳು ಅಗಲವಾಗಿ, ತೆಳುವಾಗಿ, ಗುಂಡುಕಲ್ಲಿನ ಮೇಲೆ ರಭಸದಿಂದ ಹರಿಯುತ್ತವೆ. ನೀರನ್ನು ಚಿಮ್ಮಿ ದೋಣಿ ನಡೆಸುವ ಯಂತ್ರ ಆಗಲೇ ಅಮೆರಿಕದಲ್ಲಿ ಇದ್ದಿತು. ಆದರೆ ಅದು ತಳದ ಕೆಳಗಿನಿಂದ ನೀರನ್ನು ಚಿಮ್ಮುತ್ತಿತ್ತು. ಅದರಿಂದ ಹೆಚ್ಚು ವೇಗ ಬರಲಿಲ್ಲ. ೧೯೫೦ರ ದಶಕದ ಮೊದಲ ವರ್ಷಗಳಲ್ಲಿ ಹ್ಯಾಮಿಲ್ಟನ್ನರ ಕಾರ್ಖಾನೆಯಲ್ಲಿ ಚಿಮ್ಮುವ ಬಾಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ ತಂದು ನೋಡಿದರು. ದೋಣಿ ಹಾರಿದಂತೆ ಓಡಿತು. ವೇಗದಲ್ಲಿರುವಾಗ ಗೇಣುದ್ದಕ್ಕಿಂತ ಕಡಿಮೆ ನೀರಿನಲ್ಲೂ ಅದು ದಾಟಿಹೋಗುತ್ತದೆ. ೧೯೬೦ರಲ್ಲಿ ಅವರ ದೋಣಿಗಳು ಅಮೆರಿಕದ ಕೊಲರಾಡೊ ನದಿಯ ಗ್ರ್ಯಾಂಡ್ ಕ್ಯಾನಿಯನ್ ಕಮರಿಯನ್ನು ಪ್ರವಾಹಕ್ಕೆ ಎದುರಾಗಿ ಹತ್ತಿದವು. ನಮ್ಮ ದೇಶಕ್ಕೂ ಅವು ಬಂದಿದ್ದವು. ೧೯೭೭ರಲ್ಲಿ ಎವರೆಸ್ಟ್ ಖ್ಯಾತಿಯ ಸರ್ ಎಡ್ಮಂಡ್ ಹಿಲರಿಯವರು ಗಂಗಾಸಾಗರದಿಂದ ಹೊರಟು ಜೆಟ್ ದೋಣಿಗಳಲ್ಲಿ ಗಂಗೆಯನ್ನೂ ಅಲಕನಂದೆಯನ್ನೂ ಏರುತ್ತ, ನಂದಪ್ರಯಾಗದ ಹತ್ತಿರ ಜಲಪಾತವೊಂದು ಅಡ್ಡ ಬರುವವರೆಗೆ ಸಾಗಿದರು.

ಕಥೆ ಸಾಕು. ಯಂತ್ರವನ್ನು ನೋಡೋಣ. ಪಂಪುಸೆಟ್ಟಿನ ಡೆಲಿವರಿ ಪೈಪಿನ ತುದಿಯನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ನೀರು ಮುಂದಕ್ಕೆ ನುಗ್ಗಿದಂತೆ ಪೈಪು ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವ ಬಲವೇ ಜೆಟ್ ದೋಣಿಯ ಓಟ. ದೋಣಿಯ ತಳದಲ್ಲಿ ಜಾಲರಿ ಹಾಕಿದ ಒಂದು ಬಾಯಿ. ಅದರ ಮೂಲಕ ಇಂಜಿನ್ನು ತಿರುಗಿಸುವ ಪಂಪು ನೀರನ್ನು ಹೀರಿ, ಹಿಂಬದಿಯ ಕಿರಿದಾದ ಬಾಯಿಂದ ಜೋರಾಗಿ ಚಿಮ್ಮುತ್ತದೆ. ದೋಣಿ ಮುಂದಕ್ಕೆ ಹೋಗುತ್ತದೆ.

ಪಂಪು ಎತ್ತುವ ನೀರಿನಲ್ಲಿ ಸ್ವಲ್ಪವನ್ನು ಸಣ್ಣ ನಳಿಗೆಯಿಂದ ತಿರುಗಿಸಿ ಇಂಜಿನ್ನಿನ ಸುತ್ತಲಿನ ನೀರುಕವಚಕ್ಕೆ ಬಿಡುವುದು ಅನೇಕ ಜೆಟ್ ದೋಣಿಗಳಲ್ಲಿ ರೂಢಿ. ಡೆಲಿವರಿ ಪೈಪಿನಿಂದ ಸಣ್ಣ ನಳಿಗೆ ಎಳೆದು ಡೀಸೆಲ್ ಇಂಜಿನ್ನನ್ನು ತಂಪು ಮಾಡುವ ನಮ್ಮ ಹಳ್ಳಿಯ ಪದ್ಧತಿಯೂ ಇದೇ ಅಲ್ಲವೇ? ವ್ಯತ್ಯಾಸ ಮುಂದಿನ ಹೆಜ್ಜೆಯಲ್ಲಿದೆ. ನಮ್ಮಲ್ಲಿ ಬಿಸಿಯಾದ ನೀರು ಕಾಲುವೆಗೆ ಹೋಗುತ್ತದೆ. ದೋಣಿಯಲ್ಲಿ ಆ ನೀರನ್ನು ಹೊಗೆಕೊಳವೆಯೊಳಕ್ಕೇ ಬಿಡುತ್ತಾರೆ.

ಹೊಗೆಗೆ ನೀರು ಬೆರೆಸುವುದು ಏಕೆ?

ಪೆಟ್ರೋಲ್ ಇಂಜಿನ್ನು ಜೋರಾಗಿ ದುಡಿಯುವಾಗ ಹೊರಬೀಳುವ ಹೊಗೆಯ ಬಿಸಿ ೭೦೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಇರುತ್ತದೆ. ಬಯಲಿನಲ್ಲಿ ನಿಂತ ಪಂಪುಸೆಟ್ಟಿಗೆ ಅದರಿಂದ ಬಾಧಕವಿಲ್ಲ, ಗಾಳಿಯಾಡುತ್ತದೆ. ದೋಣಿಯಲ್ಲಿ ಇಂಜಿನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು, ಸುತ್ತ ಮರ ಅಥವಾ ಫೈಬರ್ ಹಲಗೆ. ಅಲ್ಲಿ ಕೆಂಪಗೆ ಕಾದ ಕೊಳವೆ ಹಾದುಹೋದರೆ ಗತಿಯೇನು?

ನೀರಿನ ಶಕ್ತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ೧ ಗ್ರಾಂ ನೀರನ್ನು ೨೦ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಲು ೮೦ ಕ್ಯಾಲೊರಿ ಶಾಖ ಸಾಕು. ಕುದಿಯುತ್ತಿರುವ ಅದೇ ೧ ಗ್ರಾಂ ನೀರು ಪೂರ್ತಿ ಆವಿಯಾಗಬೇಕಾದರೆ ಇನ್ನೂ ೫೪೦ ಕ್ಯಾಲೊರಿ ಬೇಕು. ಅಷ್ಟು ಶಾಖವನ್ನು ಅದು ಹೊಗೆಯಿಂದಲೇ ಕಿತ್ತುಕೊಳ್ಳುತ್ತದೆ. ಹೀಗೆ ಮೊಳದುದ್ದದ ದಾರಿಯಲ್ಲೇ ಹೊಗೆಯ ಬಿಸಿ ೧೦೦ ಡಿಗ್ರಿಗಿಂತ ಕೆಳಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಸಾಧಾರಣ ದಪ್ಪ ರಬ್ಬರ್ ಕೊಳವೆಯೇ ಸಾಕು. ಇಂಜಿನ್ನಿನ ಸದ್ದೂ ಅಡಗುತ್ತದೆ.

ಆದುದರಿಂದ ಜೆಟ್ ದೋಣಿಯವರು ಹೊಗೆಯ ಜೊತೆ ನೀರು ಬೀಳುವುದನ್ನು ಕಂಡರೆ ಸಮಾಧಾನಪಡುತ್ತಾರೆ. ನೀರು ನಿಂತು, ಒಣ ಹೊಗೆಯೂ ಆವಿಯೂ ಸುಟ್ಟ ರಬ್ಬರಿನ ವಾಸನೆಯೂ ಬಂದರೆ ಆಗ ಗಾಬರಿ. ಜಾಲರಿಗೆ ಜೊಂಡೋ ಚೀಲವೋ ಸಿಕ್ಕಿಕೊಂಡಿದೆ, ಇಲ್ಲವೇ ನಳಿಗೆಯಲ್ಲಿ ಮರಳು ಕಟ್ಟಿದೆ ಎಂದು ತಿಳಿದು ಕೂಡಲೇ ಇಂಜಿನ್ನು ನಿಲ್ಲಿಸತಕ್ಕದ್ದು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಮರೆತೇನು. ನೀರಿನಲ್ಲಿ ತೊಳೆದು ಬಂದ ಹೊಗೆ ತಣ್ಣಗಿರುತ್ತದೆ, ಕಣ್ಣಿಗೂ ಉರಿಯುವುದಿಲ್ಲ. ಆದರೆ ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ನೀರಿನಲ್ಲಿ ಕರಗಿ ಹೋಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಓಡುವ ಇಂಜಿನ್ನಿನ ದೋಣಿಯ ಹಿಂಬದಿಯನ್ನು ಹಿಡಿದು ತೇಲುವವರು ತಿಳಿಯದಂತೆಯೇ ಪ್ರಜ್ಞೆ ತಪ್ಪಿ ಮುಳುಗಿಹೋದದ್ದುಂಟು. ನಮ್ಮ ಕಡೆ ಇದೇ ವಿಷವಾಯು ಬಾವಿಯೊಳಗೆ ಕಾದಿರುತ್ತದೆ. ನೀರು ಆಳಕ್ಕೆ ಹೋಯಿತೆಂದು ಇಂಜಿನ್ನನ್ನೇ ಬಾವಿಯ ಅಟ್ಟಕ್ಕೆ ಇಳಿಸಿ ಓಡಿಸುವವರು ಇದ್ದಾರೆ. ಹಾಗೆ ಮಾಡಲೇಕೂಡದು. ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ.

ನೀರು ಹಿಂದಕ್ಕೆ ಬರುವ ದಾರಿಗಳು

ಹಾಗಾದರೆ ಕೊಳವೆಯಲ್ಲಿರುವ ನೀರು ಇಂಜಿನ್ನಿನೊಳಕ್ಕೆ ಏಕೆ ಹರಿಯುವುದಿಲ್ಲ? ಎರಡು ಕಾವಲುಗಳಿವೆ.

ಮೊದಲನೆಯದು ಕೊಳವೆಯ ಆಕಾರ. ಇಂಜಿನ್ನಿನಿಂದ ಹೊರಟ ಹೊಗೆಕೊಳವೆ ಮೊದಲು ಮೇಲಕ್ಕೆ ಏರಿ, ಒಂಟೆಯ ಕತ್ತಿನಂತೆ ಬಾಗಿ, ಆಮೇಲೆ ಕೆಳಕ್ಕೆ ಇಳಿಯುತ್ತದೆ. ನೀರನ್ನು ಬಿಡುವುದು ಬಾಗು ದಾಟಿದ ಮೇಲೆ, ಇಳಿಜಾರಿನ ಕಡೆಗೆ. ಬಾಗಿನ ನೆತ್ತಿ ಹೊರಗಿನ ನೀರಿನ ಮಟ್ಟಕ್ಕಿಂತ ಸಾಕಷ್ಟು ಎತ್ತರದಲ್ಲಿರಬೇಕು. ಒಂದು ಅಡಿಗೆ ಕಡಿಮೆಯಾದರೆ ಭಯ. ಎರಡನೆಯ ಕಾವಲು ಹೊಗೆಯದೇ ಒತ್ತಡ. ಇಂಜಿನ್ನು ಓಡುವಷ್ಟು ಹೊತ್ತೂ ಹೊಗೆ ಬಂದು ನೀರನ್ನು ಹೊರಕ್ಕೆ ನೂಕುತ್ತಿರುತ್ತದೆ.

ಇಂಜಿನ್ನು ನಿಂತಿರುವಾಗ ಎರಡನೆಯ ಕಾವಲುಗಾರ ಇಲ್ಲ. ಆ ಹೊತ್ತಿನಲ್ಲಿ ಬೇರೆ ಯಾವುದಾದರೂ ಬಲ ನೀರನ್ನು ಕೊಳವೆಗೆ ಒತ್ತುತ್ತಿದ್ದರೆ ಅದು ತುಂಬುತ್ತ ಬಂದು, ಬಾಗನ್ನು ದಾಟಿ, ತೆರೆದಿರುವ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಜೆಟ್ ಇಂಜಿನ್ನುಗಳಿಗೆ ನೀರು ಹೊಗುವ ಪ್ರಸಂಗಗಳಲ್ಲಿ ಬಹಳಷ್ಟು ಈ ಬಗೆಯವೇ.

ಉದಾಹರಣೆಗೆ, ದಡದ ಮೇಲೆ ದೋಣಿ ತೊಳೆಯುವುದನ್ನೇ ನೋಡಿ. ಉಪ್ಪುನೀರಿನಲ್ಲಿ ಓಡಿದ ಮೇಲೆ ಇಂಜಿನ್ನಿನ ನಳಿಗೆಗಳಿಗೆ ಸಿಹಿನೀರು ಹಾಯಿಸುತ್ತಾರೆ. ನಲ್ಲಿಯ ರಬ್ಬರ್ ಪೈಪನ್ನು ನೇರವಾಗಿ ತಂಪುನೀರಿನ ದಾರಿಗೆ ಜೋಡಿಸುವ ಯಂತ್ರಗಳಲ್ಲಿ ಮೊದಲು ಇಂಜಿನ್ನು ಚಾಲೂ ಮಾಡಬೇಕು, ಆಮೇಲೆ ನಲ್ಲಿ ತಿರುಗಿಸಬೇಕು. ಮುಗಿಸುವಾಗ ಮೊದಲು ನಲ್ಲಿ ನಿಲ್ಲಿಸಿ, ಕೊಳವೆಯಲ್ಲಿ ಉಳಿದ ನೀರು ಹೊರಬಿದ್ದ ಮೇಲೆ ಇಂಜಿನ್ನು ನಿಲ್ಲಿಸಬೇಕು. ಅನುಕ್ರಮ ತಿರುವುಮುರುವಾದರೆ ನಲ್ಲಿಯ ಒತ್ತಡದಿಂದಲೇ ಇಂಜಿನ್ನಿಗೆ ನೀರು ತುಂಬುತ್ತದೆ. (ರಬ್ಬರ್ ರೆಕ್ಕೆಯ ಬೇರೆ ಪಂಪಿರುವ ದೋಣಿಗಳಿಗೆ ಈ ಕ್ರಮ ಬೇರೆ, ಒಣಗಿ ತಿರುಗಿದರೆ ಆ ರೆಕ್ಕೆ ಸುಡುತ್ತದೆ. ಯಂತ್ರದ ಜೊತೆ ಬರುವ ಪುಸ್ತಕವನ್ನು ಓದಿಯೇ ಕೈಹಾಕಬೇಕು.)

ಕೆಟ್ಟು ನಿಂತ ದೋಣಿಯನ್ನು ಎಳೆದು ತರುವುದು ಇನ್ನೊಂದು. ಎಳೆಯುವ ವೇಗಕ್ಕೆ ತಳದ ಬಾಯಿಂದ ನೀರು ತಾನೇ ನುಗ್ಗಿ, ಪಂಪನ್ನು ಹಾದು, ತಂಪುನಳಿಗೆಗೂ ಹೊಗೆಕೊಳವೆಗೂ ಏರುತ್ತದೆ. ಬಲ್ಲವರು ಆ ನಳಿಗೆಯನ್ನು ಚಿಮಟದಿಂದ ಬಿಗಿದು, ನಿಧಾನವಾಗಿ ಎಳೆಯುತ್ತಾರೆ. ಅವಸರದವರು ಸಣ್ಣ ದುರಸ್ತಿಯ ಇಂಜಿನ್ನನ್ನು ದೊಡ್ಡ ದುರಸ್ತಿಗೆ ತರುತ್ತಾರೆ.

ವೇಗವಾಗಿ ಬರುತ್ತಿದ್ದ ದೋಣಿಯನ್ನು ಥಟ್ಟನೆ ನಿಲ್ಲಿಸಿದರೆ ಅದರದೇ ಅಲೆ ಹಿಂದಿನಿಂದ ಬಂದು ಹೊಗೆಕೊಳವೆಯ ಬಾಯಿಗೆ ಅಪ್ಪಳಿಸುತ್ತದೆ. ಹಿಂಬದಿಯಲ್ಲಿ ಜನ ಹೆಚ್ಚಾಗಿ ಕೂತಿದ್ದರಂತೂ ಬಾಯಿ ಮೊದಲೇ ನೀರಿಗೆ ಹತ್ತಿರವಾಗಿರುತ್ತದೆ. ಇದಕ್ಕಾಗಿ ಬಾಯಿಗೆ ರಬ್ಬರಿನ ಮುಚ್ಚಳಿಕೆ ತೂಗುಹಾಕಿರುತ್ತಾರೆ. ಹೊಗೆ ಬಂದರೆ ತೆರೆಯುತ್ತದೆ, ಅಲೆ ಬಂದರೆ ಮುಚ್ಚುತ್ತದೆ. ಸಮುದ್ರತೀರದಲ್ಲಿ ಒಬ್ಬರು ಇಬ್ಬರು ಕುಳಿತು ಓಡಿಸುವ ಚಿಕ್ಕ ಜೆಟ್ ವಾಹನ ಮಗುಚಿದಾಗ ಯಾವ ಕಡೆಗೆ ಹೊರಳಿಸಬೇಕೆಂದು ಅದರ ಹಿಂಭಾಗದಲ್ಲಿ ಬಾಣದ ಗುರುತು ಇರುತ್ತದೆ. ತಪ್ಪು ಕಡೆಗೆ ಹೊರಳಿಸಿದರೆ ಕೊಳವೆಯ ನೀರು ಇಂಜಿನ್ನಿನ ಕಡೆಗೆ ಇಳಿಯುತ್ತದೆ.

ಇವೆಲ್ಲ ಮನುಷ್ಯರ ಕೈಯ ತಪ್ಪು. ತುಕ್ಕಿನದು ಬೇರೆ ದಾರಿ. ಹೊಗೆ ಹೊರಡುವ ಎರಕದ ಕೊಳವೆಗೆ ಎರಡು ಗೋಡೆ, ನಡುವೆ ನೀರು. ಉಪ್ಪುನೀರು ಒಳಗೋಡೆಯನ್ನು ವರ್ಷಾನುಗಟ್ಟಲೆ ತಿಂದು ಒಂದು ದಿನ ಸೂಜಿಯಷ್ಟು ತೂತು ಮಾಡುತ್ತದೆ. ಹೊರಗಿನಿಂದ ಏನೂ ಕಾಣದು. ರಾತ್ರಿಯೆಲ್ಲ ತೊಟ್ಟು ತೊಟ್ಟಾಗಿ ನೀರು ಇಳಿದು ಬೆಳಿಗ್ಗೆ ಒಂದು ಸಿಲಿಂಡರಿನಲ್ಲಿ ಕೂತಿರುತ್ತದೆ.

ನೀರು ಕುಗ್ಗುವುದಿಲ್ಲ

ಸಿಲಿಂಡರಿನಲ್ಲಿ ನೀರು ಕೂತರೆ ಏನಾಗುತ್ತದೆ? ಪಿಸ್ಟನ್ನು ಮೇಲೇರುವಾಗ ಗಾಳಿಯನ್ನು ಅಮುಕುತ್ತದೆ, ಗಾಳಿ ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ. ಲೆಕ್ಕ ನೋಡಿ. ೫೦೦ ಘನ ಸೆಂಟಿಮೀಟರಿನ ಒಂದು ಡೀಸೆಲ್ ಸಿಲಿಂಡರು ಗಾಳಿಯನ್ನು ೧೬ನೆಯ ಒಂದು ಪಾಲಿಗೆ ಅಮುಕುತ್ತದೆ ಎನ್ನೋಣ. ಪಿಸ್ಟನ್ನು ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಸುಮಾರು ೩೩ ಘನ ಸೆಂಟಿಮೀಟರು, ಅಂದರೆ ದೊಡ್ಡ ಚಮಚದಲ್ಲಿ ಎರಡು ಚಮಚ. ಅದಕ್ಕಿಂತ ಹೆಚ್ಚು ನೀರಿದ್ದರೆ ಪಿಸ್ಟನ್ನು ತುದಿಯನ್ನು ಮುಟ್ಟಲಾರದು. ಫ್ಲೈವೀಲಿನ ರಭಸ ಮಾತ್ರ ಅದನ್ನು ತಳ್ಳುತ್ತಲೇ ಇರುತ್ತದೆ. ನಡುವೆ ಸಿಕ್ಕಿದ ಕನೆಕ್ಟಿಂಗ್ ರಾಡು ಬಾಗುತ್ತದೆ, ಇಲ್ಲವೇ ಮುರಿದು ಇಂಜಿನ್ನಿನ ಹೊಟ್ಟೆಯನ್ನೇ ಒಡೆಯುತ್ತದೆ.

ಜೆಟ್ ದೋಣಿಯ ಪೆಟ್ರೋಲ್ ಇಂಜಿನ್ನಿನಲ್ಲಿ ಅಮುಕುವ ಪ್ರಮಾಣ ಕಡಿಮೆ. ಅಷ್ಟೇ ದೊಡ್ಡ ಸಿಲಿಂಡರಿನಲ್ಲಿ ೯ರಲ್ಲಿ ಒಂದು ಪಾಲಿನ ಲೆಕ್ಕಕ್ಕೆ ೬೦ ಘನ ಸೆಂಟಿಮೀಟರಿನಷ್ಟು ಜಾಗ ಉಳಿಯುತ್ತದೆ. ನಮ್ಮ ಡೀಸೆಲ್ ಇಂಜಿನ್ನಿಗೆ ಅಪಾಯ ಅದಕ್ಕಿಂತ ಸುಲಭ ಎಂದ ಹಾಗಾಯಿತು.

ನಾನು ಹುಡುಗನಾಗಿದ್ದಾಗ ನಮ್ಮ ಚಿಕ್ಕಪ್ಪನವರು ಹೊಳೆಯ ದಂಡೆಯಲ್ಲಿ ಐದು ಅಶ್ವಶಕ್ತಿಯ ಇಂಜಿನ್ನು ಇಟ್ಟಿದ್ದರು. ನೆಟ್ಟಗೆ ನಿಂತ ಸೈಲೆನ್ಸರ್ ಪೈಪಿನ ಬಾಯಿಗೆ ಒಂದು ಹಳೆಯ ಡಬ್ಬ ಕವುಚುವುದು ವಾಡಿಕೆ. ಒಂದು ರಾತ್ರಿ ಗಾಳಿಗೆ ಡಬ್ಬ ಹಾರಿಹೋಯಿತು, ಮಳೆ ಸುರಿಯಿತು. ಬೆಳಿಗ್ಗೆ ಚಿಕ್ಕಪ್ಪ ಹ್ಯಾಂಡಲ್ ಹಾಕಿದರು, ಭಾರವಾಗಿ ತಿರುಗಿತು. ಚಳಿಗೆ ಎಣ್ಣೆ ಗಟ್ಟಿಯಾಗಿದೆ ಎಂದುಕೊಂಡು ಆಳನ್ನೂ ಜೊತೆಗೆ ಕರೆದು, ಇಬ್ಬರೂ ಬಲವಾಗಿ ತಿರುಗಿಸಿ, ಲಿವರ್ ಬಿಟ್ಟರು. ಠಕ್ ಎಂದು ಒಂದೇ ಸದ್ದು. ರಾಡು ಬಾಗಿತ್ತು. ಆ ವರ್ಷ ಕಬ್ಬಿಗೆ ಹನ್ನೆರಡು ದಿನ ನೀರು ಹಾಯಲಿಲ್ಲ. ಅದಕ್ಕಿಂತ ಚಿಕ್ಕಪ್ಪನವರನ್ನು ಕೊರೆದದ್ದು, ಹ್ಯಾಂಡಲ್ ಭಾರವಾದಾಗ ಕೈಗೆ ಗೊತ್ತಾಗಿಯೂ ತಾವು ನಿಲ್ಲಿಸಲಿಲ್ಲವಲ್ಲ ಎಂಬುದು.

ನೀರು ಹೊಕ್ಕಿದ್ದರೆ ಏನು ಮಾಡಬೇಕು

ದೋಣಿಯವರ ಮೊದಲ ನಿಯಮವೇ ನಮಗೂ ಮೊದಲ ನಿಯಮ: ತಿರುಗದ ಇಂಜಿನ್ನನ್ನು ಬಲವಂತವಾಗಿ ತಿರುಗಿಸಕೂಡದು. ಸ್ಟಾರ್ಟರಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತಕೂಡದು.

ಆಮೇಲೆ ಪೆಟ್ರೋಲ್ ಇಂಜಿನ್ನಾದರೆ ಪ್ಲಗ್ಗುಗಳನ್ನೂ ಡೀಸೆಲ್ ಇಂಜಿನ್ನಾದರೆ ನಾಜಲನ್ನೂ ಬಿಚ್ಚಬೇಕು. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿಯ ತಂತಿಗಳನ್ನು ಮೊದಲು ದೂರ ಮಾಡಿರಬೇಕು. ನೀರಿನ ಜೊತೆ ಪೆಟ್ರೋಲೂ ಚಿಮ್ಮುತ್ತದೆ, ಒಂದು ಕಿಡಿ ಸಾಕು. ಈಗ ಕೈಯಿಂದ ನಿಧಾನವಾಗಿ ತಿರುಗಿಸಿದರೆ ತೂತಿನಿಂದ ನೀರು ಪಿಚಕಾರಿಯಂತೆ ಹಾರುತ್ತದೆ. ಮುಖ ಅಡ್ಡ ಇಡಬೇಡಿ. ನೀರು ನಿಂತ ಮೇಲೆ ಪ್ರತಿ ಸಿಲಿಂಡರಿಗೂ ಚಮಚದಷ್ಟು ಇಂಜಿನ್ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿ.

ಕೆಳಗಿನ ಎಣ್ಣೆಯನ್ನೂ ನೋಡಿ. ಅಳತೆಯ ಕಡ್ಡಿ ಎಳೆದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಅಲ್ಲಿಗೂ ಇಳಿದಿದೆ. ಆ ಎಣ್ಣೆಯನ್ನು ಪೂರ್ತಿ ಬಸಿದು ಹೊಸದು ಹಾಕಬೇಕು. ಇಂಜಿನ್ನು ಚಾಲೂ ಆಗಿ, ಕಾದು, ಸ್ವಲ್ಪ ಹೊತ್ತು ಓಡಿದ ಮೇಲೆ ಆ ಹೊಸ ಎಣ್ಣೆಯನ್ನೂ ಒಂದು ಸಲ ಬದಲಾಯಿಸಬೇಕು. ದುಬಾರಿ ಎಂದು ಕೆಲವರು ಇದನ್ನು ಬಿಡುತ್ತಾರೆ. ಬೇರಿಂಗಿನ ಬೆಲೆಯ ಮುಂದೆ ಅದು ದುಬಾರಿಯಲ್ಲ. ಇದೆಲ್ಲ ಅದೇ ದಿನ ಆಗಬೇಕು. ನಾಳೆ ನೋಡೋಣವೆಂದರೆ ಸಿಲಿಂಡರಿನ ಗೋಡೆಗೆ ರಾತ್ರಿಯೊಳಗೆ ತುಕ್ಕು ಹಿಡಿಯುತ್ತದೆ, ರಿಂಗುಗಳು ಅಂಟಿಕೊಳ್ಳುತ್ತವೆ. ಉಪ್ಪುನೀರಾದರೆ ಇನ್ನೂ ಬೇಗ. ನೀರು ಯಾವ ದಾರಿಯಿಂದ ಬಂದಿತೆಂಬುದನ್ನು ಹುಡುಕದೆ ಇಂಜಿನ್ನನ್ನು ಮತ್ತೆ ಕೆಲಸಕ್ಕೆ ಹಚ್ಚಬೇಡಿ.

ಎಲ್ಲ ನೀರೂ ರೋಗವಲ್ಲ

ಇಷ್ಟು ಓದಿ ಸೈಲೆನ್ಸರಿನಲ್ಲಿ ಒಂದು ಹನಿ ಕಂಡರೂ ಇಂಜಿನ್ನು ಬಿಚ್ಚುವವರು ಹುಟ್ಟಿಕೊಂಡಾರು. ಚಳಿಗಾಲದ ಮುಂಜಾನೆ ಟ್ರಾಕ್ಟರು ಚಾಲೂ ಮಾಡಿದಾಗ ಬಿಳಿಯ ಹೊಗೆ ಬಂದು ನಾಲ್ಕು ಹನಿ ನೀರು ತೊಟ್ಟಿಕ್ಕುವುದು ಸಹಜ. ಡೀಸೆಲ್ಲಿನಲ್ಲಿ ಜಲಜನಕವಿದೆ. ಅದು ಗಾಳಿಯ ಆಮ್ಲಜನಕದೊಡನೆ ಉರಿದು ನೀರಾಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ ಎಂದರೆ ನಂಬಲು ಕಷ್ಟ, ಆದರೂ ನಿಜ. ಕೊಳವೆ ಬಿಸಿಯಾಗಿದ್ದರೆ ಅದು ಆವಿಯಾಗಿ ಕಾಣದೆ ಹೋಗುತ್ತದೆ, ತಣ್ಣಗಿದ್ದರೆ ಹನಿಗಟ್ಟುತ್ತದೆ. ಇಂಜಿನ್ನು ಚೆನ್ನಾಗಿ ಕಾದು, ಭಾರ ಎಳೆಯುವಾಗಲೂ ಬಿಳಿಹೊಗೆ ನಿಲ್ಲದಿದ್ದರೆ, ತಂಪುನೀರು ದಿನದಿನಕ್ಕೆ ಇಳಿಯುತ್ತಿದ್ದರೆ, ಎಣ್ಣೆ ಬೆಳ್ಳಗಾಗಿದ್ದರೆ ಆಗ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯಪಡಬೇಕು.

ಮಳೆಗಾಲಕ್ಕೆ ಮುಂಚೆ ಮಾಡಬೇಕಾದ ಕೆಲಸ ದೊಡ್ಡದಲ್ಲ. ದೋಣಿಯವರ ಒಂಟೆಕತ್ತಿನ ಉಪಾಯವನ್ನೇ ನೀವೂ ಮಾಡಿ: ಸೈಲೆನ್ಸರ್ ಪೈಪಿನ ತುದಿಗೆ ಬಾಗಿದ ತುಂಡೊಂದನ್ನು ಬೆಸೆಸಿದರೆ ಮಳೆ ನೇರವಾಗಿ ಒಳಗೆ ಬೀಳದು. ಬಾಯಿ ಗಾಳಿ ಬೀಸುವ ದಿಕ್ಕಿಗೆ ಎದುರಾಗಿರಬಾರದು. ಡಬ್ಬವನ್ನೇ ಕವುಚುವುದಾದರೆ ತಂತಿಯಿಂದ ಪೈಪಿಗೆ ಕಟ್ಟಿಡಿ. ಚಾಲೂ ಮಾಡುವ ಮುಂಚೆ ತೆಗೆಯಲು ಮರೆಯಬೇಡಿ. ಹೊಳೆ ಏರುವ ಸೂಚನೆ ಇದ್ದರೆ ಇಂಜಿನ್ನನ್ನು ಮೇಲಕ್ಕೆ ಸಾಗಿಸಿ. ಅದಾಗದಿದ್ದರೆ ಸೈಲೆನ್ಸರಿನ ಬಾಯನ್ನೂ ಗಾಳಿ ಎಳೆಯುವ ಬಾಯನ್ನೂ ಮರದ ಬಿರಡೆ ಬಡಿದು, ರಬ್ಬರ್ ಪಟ್ಟಿ ಸುತ್ತಿ ಮುಚ್ಚಿ.

ಮಳೆ ಬಂದ ಮರುದಿನ ಹ್ಯಾಂಡಲ್ ಹಾಕುವಾಗ ಲಿವರ್ ಎತ್ತಿ ಹಿಡಿದು, ಅವಸರವಿಲ್ಲದೆ ಎರಡು ಸುತ್ತು ಪೂರ್ತಿ ತಿರುಗಿಸಿ. ಎರಡೇ ಏಕೆಂದರೆ ಪಿಸ್ಟನ್ನಿನ ನಾಲ್ಕು ಹೊಡೆತಗಳು ಮುಗಿಯಲು ಎರಡು ಸುತ್ತು ಬೇಕು; ಆಗ ಅಮುಕುವ ಹೊಡೆತವೂ ಒಂದು ಸಲ ಕೈಗೆ ಸಿಕ್ಕಿರುತ್ತದೆ. ಎಲ್ಲಿಯೂ ತಡೆಯದೆ, ಒಂದೇ ಸಮ ತಿರುಗಿದರೆ ಮಾತ್ರ ವೇಗ ಕೊಟ್ಟು ಲಿವರ್ ಬಿಡಿ. ಎಲ್ಲಿಯಾದರೂ ತಡೆದರೆ ಹ್ಯಾಂಡಲನ್ನು ಅಲ್ಲಿಯೇ ತೆಗೆದಿಟ್ಟು ನಾಜಲ್ ಬಿಚ್ಚುವ ಪಾನಾ ತನ್ನಿ.